ಧಾರಣಿ ಹಿಡಿದ ಕೈ

ಮೊನ್ನೆ ತಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗ ಫೋನಿನಲ್ಲಿ, ‘ಮಣೂಕದ ರೇಟ್ ಡೌನ್ ಐತ್ರಿ’ ಅಂದ. ಪಕ್ಕದ ಮುದುಕರಿಗೆ ತಡೆಯಲಾಗಲಿಲ್ಲ. ‘ಧಾರಣಿ ಇಳದೈತಿ ಅನ್ನೋ ತಮ್ಮಾ’ ಎಂದರು. ಹುಡುಗ ಕಿವಿಗೆ ವೈರು ಸಿಕ್ಕಿಸಿಕೊಂಡ.

ಪತ್ರಿಕೆಯವರು ಇನ್ನೂ ‘ಪೇಟೆ ಧಾರಣೆ’ ಎಂದೇ ಅಚ್ಚು ಹಾಕುತ್ತಾರೆ, ಪುಣ್ಯ. ಪದಕೋಶದ ಗೊಡವೆ ನನಗೆ ಬೇಡ. ನನ್ನ ವಾದ ಒಂದೇ: ಧಾರಣಿ ಅಂದರೆ ಕೈಯಲ್ಲಿ ಹಿಡಿದದ್ದು. ಬಸವಣ್ಣನ ಜಿಲ್ಲೆಯವರಿಗೆ ಲಿಂಗಧಾರಣೆಯನ್ನು ಬಿಡಿಸಿ ಹೇಳಬೇಕಿಲ್ಲ. ಯೋಗದ ಎಂಟು ಅಂಗಗಳಲ್ಲಿ ಆರನೆಯದೂ ಧಾರಣೆಯೇ, ಮನಸ್ಸನ್ನು ಒಂದೆಡೆ ಹಿಡಿದು ನಿಲ್ಲಿಸುವುದು. ದ್ರಾಕ್ಷಿ ಒಣಗಿಸಿ ಮಣೂಕ ಮಾಡಿ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯುವ ತಿಕೋಟಾದ ರೈತನಿಗಿಂತ ದೊಡ್ಡ ಯೋಗಿ ಯಾರು?

ಬಸ್ಸು ತೊರವಿ ದಾಟುವಾಗ ನನ್ನ ಸಾಕ್ಷಿಯೂ ನೆನಪಾಯಿತು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಅಲ್ಲಿ ದನದ ಸಂತೆ ಕೂಡುತ್ತಿತ್ತು. ಅಪ್ಪ ಒಂದು ಜೋಡಿ ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಸುಮ್ಮನೆ ನಿಂತ. ದಲಾಲಿ ಹೆಗಲ ಮೇಲಿನ ವಲ್ಲಿ ತೆಗೆದು ಅಪ್ಪನ ಕೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ತೂರಿಸಿದ. ಬಾಯಲ್ಲಿ ಮಳೆ, ಮೇವು, ಬೀಗರ ಸುದ್ದಿ. ವಲ್ಲಿಯೊಳಗೆ ಬೆರಳು ಬೆರಳನ್ನು ಒತ್ತುತ್ತಿತ್ತು. ಒಂದು ಬೆರಳಿಗೆ ನೂರೋ ಸಾವಿರವೋ, ಅದು ಅವರಿಬ್ಬರಿಗೇ ಗೊತ್ತು. ಒಳಗೆ ಏನೋ ತಿನ್ನುವುದಿದೆ ಎಂದುಕೊಂಡು ನಾನೂ ಕೈ ತೂರಿಸಿದೆ. ಅಪ್ಪ ಗದರಿದ: ‘ಕೈ ತೆಗಿಯೋ, ಧಾರಣಿ ಮುರೀತದ!’ ಹಿಡಿದದ್ದು ತಾನೇ ಮುರಿಯುವುದು? ರೇಟ್ ಯಾವತ್ತಾದರೂ ಮುರಿದದ್ದುಂಟೆ?

ಡೋಣಿ ಹೊಳೆ ಹರಿಯುವ ಬಬಲೇಶ್ವರದ ಕಡೆಯವರು ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂದು ಬೀಗುತ್ತಾರೆ. ಓಣಿ ತುಂಬ ಜೋಳ ಬಿದ್ದ ವರ್ಷ ಧಾರಣಿ ಏನಾಗುತ್ತದೆ ಎಂಬ ಮಾತನ್ನು ಮಾತ್ರ ಗಾದೆ ನುಂಗಿಕೊಂಡಿದೆ. ಗಾದೆ ಕಟ್ಟಿದವನು ಜೋಳ ಕೊಳ್ಳುವವನೇ ಇರಬೇಕು, ಬೆಳೆದವನಲ್ಲ.

ಈಗ ಎಪಿಎಂಸಿಯಲ್ಲಿ ಮಣೂಕದ ಬೆಲೆ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ. ಎಲ್ಲರಿಗೂ ಕಾಣುತ್ತದೆ, ಮೋಸ ಕಡಿಮೆ, ಒಪ್ಪಿದೆ. ಆದರೂ ಅದನ್ನು ಧಾರಣಿ ಎನ್ನಲು ನನ್ನ ನಾಲಗೆ ಹೊರಳದು, ಹಿಡಿದ ಕೈ ಯಾವುದೆಂದು ಕಾಣುವುದಿಲ್ಲವಲ್ಲ.

ಇಳಿಯುವಾಗ ಮುದುಕರು ಆ ಹುಡುಗನ ಅಂಗೈಗೆ ನಾಲ್ಕು ಮಣೂಕ ಹಾಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಹುಡುಗ ‘ಥ್ಯಾಂಕ್ಸ್’ ಅಂದ.