ಠಾಣೆ ಖಾಡಿಯ ಫ್ಲೆಮಿಂಗೊ: ಬೇಸಿಗೆ ಬೆಳಗಿನಲ್ಲಿ ಯಾವಾಗ, ಎಲ್ಲಿ ನೋಡಬಹುದು?

ಮುಂಬೈ ಮತ್ತು ನವಿ ಮುಂಬೈ ನಡುವಿನ ಠಾಣೆ ಖಾಡಿಯಲ್ಲಿ ಫ್ಲೆಮಿಂಗೊ (ರಾಜಹಂಸ) ನೋಡಲು ಏಪ್ರಿಲ್, ಮೇ ಒಳ್ಳೆಯ ಸಮಯ. ಚಳಿಗಾಲದ ಬಹುತೇಕ ವಲಸೆ ಹಕ್ಕಿಗಳು ಹೊರಟ ಮೇಲೂ ಇವು ಮುಂಗಾರು ಹತ್ತಿರವಾಗುವವರೆಗೆ ಇಲ್ಲೇ ಇರುತ್ತವೆ. ಬಿಎನ್‌ಎಚ್‌ಎಸ್‌ನ 2019ರ ಎಣಿಕೆಯಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷ ದಾಟಿತ್ತು.

ಆದರೆ ಮುಂಜಾನೆ ಬೇಗ ಎದ್ದು ಹೋದರಷ್ಟೇ ಸಾಲದು, ಉಬ್ಬರವಿಳಿತದ ಸಮಯ ನೋಡಿಕೊಂಡು ಹೋಗಬೇಕು. ಇಳಿತದ ವೇಳೆ ಕೆಸರು ಬಯಲು ತೆರೆದುಕೊಂಡು ಹಕ್ಕಿಗಳು ದೂರಕ್ಕೆ ಹರಡಿ ಮೇಯುತ್ತವೆ. ದಡದಲ್ಲಿ ನಿಂತವರಿಗೆ ಕಾಣುವುದು ಗುಲಾಬಿ ಗೆರೆ ಮಾತ್ರ. ನೀರು ಏರುತ್ತಿದ್ದಂತೆ ಗುಂಪು ದಡದತ್ತ ಸರಿಯುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ಅಲ್ಲಿದ್ದರೆ ಒಳ್ಳೆಯದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಕಳೆದ ಭಾನುವಾರ ನೋಡಿದ ಸಮಯಕ್ಕೇ ಈ ಭಾನುವಾರ ಹೋದರೆ ನಿರಾಸೆಯಾಗಬಹುದು. ಐರೋಲಿಯಲ್ಲಿ ಅರಣ್ಯ ಇಲಾಖೆಯ ದೋಣಿಗಳೂ ಈ ಲೆಕ್ಕದಲ್ಲೇ ಹೊರಡುತ್ತವೆ.

ಇಲ್ಲಿರುವುದು ಎರಡು ಜಾತಿ. ಎತ್ತರಕ್ಕೆ, ಬೆಳ್ಳಗೆ ಕಾಣುವುದು ದೊಡ್ಡ ರಾಜಹಂಸ. ಅದರ ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಗಿಡ್ಡಗಿದ್ದು ಕೊಕ್ಕೆಲ್ಲ ಕಡುಗೆಂಪಾಗಿದ್ದರೆ ಸಣ್ಣ ರಾಜಹಂಸ. ಗುಂಪಿನಲ್ಲಿ ಬೂದು ಬಣ್ಣದವು ಕಂಡರೆ ಬೇರೆ ಹಕ್ಕಿ ಎಂದುಕೊಳ್ಳಬೇಡಿ, ಅವು ಮರಿಗಳು. ಗುಲಾಬಿ ಬಣ್ಣ ಬರುವುದು ಆಹಾರದಿಂದ. ಕೊಕ್ಕನ್ನು ತಲೆಕೆಳಗಾಗಿಸಿ ಕೆಸರುನೀರು ಸೋಸುವ ಸಣ್ಣ ರಾಜಹಂಸಕ್ಕೆ ಪಾಚಿಯೇ ಮುಖ್ಯ ಊಟ. ಖಾಡಿಯಲ್ಲಿ ಪಾಚಿ ಇಷ್ಟು ಬೆಳೆಯಲು ನಗರದ ಕೊಳಚೆ ನೀರೂ ಒಂದು ಕಾರಣ ಎನ್ನುತ್ತಾರೆ. ಹೊಗಳುವಂಥ ವಿಷಯವೇನಲ್ಲ ಬಿಡಿ.

ಪೂರ್ಣ ಉಬ್ಬರದಲ್ಲಿ ಕೆಸರು ಮುಳುಗಿದಾಗ ಈ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ? ಈಗಿನ ಚಿಂತೆ ಇರುವುದು ಇಲ್ಲೇ. ಅಭಯಾರಣ್ಯಕ್ಕೆ 2015ರಲ್ಲಿ, ರಾಮ್‌ಸಾರ್ ಪಟ್ಟಿಯ ಮಾನ್ಯತೆ 2022ರಲ್ಲಿ ಸಿಕ್ಕಿತು. ಆದರೆ ಉಬ್ಬರದ ವೇಳೆ ಹಕ್ಕಿಗಳು ನಿಲ್ಲುವ ನೆರೂಳ್-ಸೀವುಡ್ಸ್ ಕಡೆಯ ಕೆರೆಗಳು ಅಭಯಾರಣ್ಯದ ಗಡಿಯ ಹೊರಗಿವೆ. ಅವುಗಳಲ್ಲಿ ಒಂದಾದ ಡಿಪಿಎಸ್ ಕೆರೆಗೆ ಸಮುದ್ರದ ನೀರು ಬರುವ ದಾರಿ ಮುಚ್ಚಿ ಕೆರೆ ಒಣಗಿತು. 2024ರಲ್ಲಿ ಆ ಸುತ್ತಮುತ್ತ ಫ್ಲೆಮಿಂಗೊಗಳು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರ್ ಬಳಿ ವಿಮಾನಕ್ಕೆ ಸಿಲುಕಿ ಸುಮಾರು 40 ಫ್ಲೆಮಿಂಗೊಗಳು ಬಲಿಯಾದವು. ಡಿಪಿಎಸ್ ಕೆರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ 2025ರಲ್ಲಿ ಒಪ್ಪಿತು. ಕೆರೆಗೆ ಉಬ್ಬರದ ನೀರು ಸರಾಗವಾಗಿ ಹರಿಯದಿದ್ದರೆ ಆ ಆದೇಶದಿಂದ ಹಕ್ಕಿಗೆ ಲಾಭವಿಲ್ಲ.

ಹೋಗುವವರು ಬೈನಾಕ್ಯುಲರ್, ಟೋಪಿ, ಕುಡಿಯುವ ನೀರು ಒಯ್ಯಿರಿ. ಒಂಬತ್ತರ ನಂತರ ಬಿಸಿಲು, ಸೆಕೆ ಎರಡೂ ಜೋರು. ದಡದ ಮ್ಯಾಂಗ್ರೋವ್, ಅಂದರೆ ನಮ್ಮ ಕರಾವಳಿಯವರ ಕಾಂಡ್ಲಾ ಗಿಡಗಳ ನಡುವೆ ಇಳಿಯಬೇಡಿ, ಕೆಸರು ಆಳವಿರುತ್ತದೆ. ಹಾರುವ ಫೋಟೊ ಬೇಕೆಂದು ಕಲ್ಲೆಸೆದು ಎಬ್ಬಿಸುವವರೂ ಇದ್ದಾರೆ, ಅವರ ಜೊತೆ ಸೇರಬೇಡಿ.