ಬೀರು ಬಂತು, ಬೀಗದ ಕೈ ಎಲ್ಲಿ?

ಮನೆ ಬದಲಿಸುವಾಗ ಬೀರುವನ್ನು ಲಾರಿಗೇರಿಸಿ, ಅದರ ಬೀಗದ ಕೈಯನ್ನು ಹಳೆಯ ಮನೆಯಲ್ಲೇ ಮರೆತು ಬಂದವರ ಪಾಡು ನಿಮಗೆ ಗೊತ್ತು. ವೆಬ್ ಸರ್ವರ್‌ಗಳನ್ನು ನೋಡಿಕೊಳ್ಳುವವರೂ ಬಹುಕಾಲ ಇದೇ ಪಾಡು ಪಟ್ಟಿದ್ದಾರೆ. ಮೈಕ್ರೋಸಾಫ್ಟ್‌ನ ಐಐಎಸ್ ತಂತ್ರಾಂಶದ ಚರಿತ್ರೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಯಾವ ಜಾಲತಾಣದ ಕಡತಗಳು ಎಲ್ಲಿವೆ, ಯಾವ ಪೋರ್ಟ್‌ನಲ್ಲಿ ಉತ್ತರಿಸಬೇಕು, ಯಾವ ಬಳಕೆದಾರನ ಹೆಸರಿನಲ್ಲಿ ಕೆಲಸ ಮಾಡಬೇಕು ಎಂಬ ವಿವರಗಳೇ ಸರ್ವರ್‌ನ ಕಾನ್ಫಿಗರೇಶನ್. ಬಳಕೆದಾರನ ಹೆಸರಿದ್ದ ಮೇಲೆ ಪಾಸ್‌ವರ್ಡ್ ಇರಲೇಬೇಕು. ಅದನ್ನು ಬಯಲಾಗಿ ಬರೆದಿಡುವಂತಿಲ್ಲವಾದ್ದರಿಂದ ಗೂಢಲಿಪಿಗೆ ತಿರುಗಿಸಿಡುತ್ತಾರೆ. ಹಾಗೆ ತಿರುಗಿಸುವ ಕೀಲಿ ಆ ಗಣಕದೊಳಗೇ ಇರುತ್ತದೆ.

1997ರ ಐಐಎಸ್ 4ರಲ್ಲಿ ಈ ವಿವರಗಳೆಲ್ಲ ಮೆಟಾಬೇಸ್ ಎಂಬ ದ್ವಿಮಾನ ಕಡತಕ್ಕೆ ಸೇರಿದವು. ತೆರೆದರೆ ಮನುಷ್ಯರಿಗೆ ಏನೂ ಅರ್ಥವಾಗದು. ವಿಂಡೋಸ್ 2000ದ ಕಾಲದಲ್ಲಿ ಅದರ ಬ್ಯಾಕಪ್ ತೆಗೆದಿಟ್ಟರೂ ಬೇರೊಂದು ಗಣಕದಲ್ಲಿ ಅದನ್ನು ಬಳಸಲಾಗುತ್ತಿರಲಿಲ್ಲ. ಕೀಲಿ ಹಳೆಯ ಗಣಕದಲ್ಲೇ ಉಳಿದಿರುತ್ತಿತ್ತಲ್ಲ! ಯಂತ್ರ ಕೆಟ್ಟಾಗಲೇ ಅಲ್ಲವೇ ಬ್ಯಾಕಪ್ ಬೇಕಾಗುವುದು?

2003ರ ಐಐಎಸ್ 6 ಈ ಕಡತವನ್ನು ನೋಟ್‌ಪ್ಯಾಡ್‌ನಲ್ಲೇ ಓದಬಹುದಾದ ಎಕ್ಸ್‌ಎಂಎಲ್‌ಗೆ ಬದಲಿಸಿತು. ಕಮಾಂಡ್ ಲೈನ್‌ನಿಂದ ರಫ್ತು ಮಾಡುವ ಒಂದು ಸ್ಕ್ರಿಪ್ಟ್ ಕೂಡ ಬಂತು. ರಫ್ತು ಮಾಡುವಾಗ ನೀವೇ ಒಂದು ಪಾಸ್‌ವರ್ಡ್ ಕೊಟ್ಟರೆ ಗುಟ್ಟಿನ ಭಾಗಗಳಿಗೆ ಅದರದೇ ಬೀಗ. ಯಂತ್ರದ ಹಂಗು ತಪ್ಪಿತು.

2005ರ ಎಎಸ್‌ಪಿ ಡಾಟ್ ನೆಟ್ 2.0 ಜೊತೆಗಿದ್ದ ಆಸ್ಪ್‌ನೆಟ್-ರೆಜ್‌ಐಐಎಸ್ ಎಂಬ ಆದೇಶದ ಕಥೆ ಸ್ವಲ್ಪ ಬೇರೆ. ಅದು ಕಾನ್ಫಿಗರೇಶನ್‌ನ ಒಂದೊಂದು ಭಾಗವನ್ನು ಗೂಢಲಿಪಿಗೆ ತಿರುಗಿಸಬಲ್ಲದು. ಅದಕ್ಕೆ ಬೇಕಾದ ಆರ್‌ಎಸ್‌ಎ ಕೀಲಿಯನ್ನೂ ಹೊರತೆಗೆಯಬಲ್ಲದು. ಕೀಲಿಯನ್ನು ಸೃಷ್ಟಿಸುವಾಗಲೇ 'ರಫ್ತಿಗೆ ಅವಕಾಶವಿರಲಿ' ಎಂದು ಹೇಳಿರಬೇಕು. ಹೊರತೆಗೆಯುವಾಗ ಖಾಸಗಿ ಭಾಗವೂ ಬೇಕೆಂದು ಮತ್ತೊಮ್ಮೆ ಹೇಳಬೇಕು. ಇಲ್ಲವಾದರೆ ಸಾರ್ವಜನಿಕ ಭಾಗವಷ್ಟೇ ಕೈಗೆ ಬರುತ್ತದೆ; ಅದರಿಂದ ಬೀಗ ಹಾಕಬಹುದು, ತೆಗೆಯಲಾಗದು. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಸಿಗುವ ಎಕ್ಸ್‌ಎಂಎಲ್ ಕಡತಕ್ಕೆ ಮಾತ್ರ ಯಾವ ಪಾಸ್‌ವರ್ಡೂ ಇಲ್ಲ! ಹೊಸ ಸರ್ವರ್‌ಗೆ ಸೇರಿಸಿದ ಕೂಡಲೇ ಅದನ್ನು ಅಳಿಸಿಬಿಡಬೇಕು. ಮರೆತವರ ಹಾರ್ಡ್ ಡಿಸ್ಕ್‌ನಲ್ಲಿ ಅದು ಯಾರಿಗೂ ಸಿಗುವಂತೆ ಬಿದ್ದಿರುತ್ತದೆ.

2008ರ ವಿಂಡೋಸ್ ಸರ್ವರ್‌ನೊಂದಿಗೆ ಬಂದ ಐಐಎಸ್ 7 ಆ ಕೊರತೆಯನ್ನು ತುಂಬಿತು. ಅನೇಕ ಸರ್ವರ್‌ಗಳು ಒಂದೇ ಕಾನ್ಫಿಗರೇಶನ್ ಹಂಚಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ರಫ್ತು ಮಾಡಿದರೆ ಕಾನ್ಫಿಗರೇಶನ್ ಕಡತಗಳ ಜೊತೆಗೆ, ಪಾಸ್‌ವರ್ಡ್‌ನಿಂದ ಭದ್ರಪಡಿಸಿದ ಕೀಲಿಯ ಕಡತವೂ ಬರುತ್ತದೆ. 2016ರ ವಿಂಡೋಸ್ ಸರ್ವರ್‌ನಲ್ಲಿ ಪವರ್‌ಶೆಲ್‌ನ 'ಎಕ್ಸ್‌ಪೋರ್ಟ್-ಐಐಎಸ್‌ಕಾನ್ಫಿಗರೇಶನ್' ಎಂಬ ಒಂದೇ ಆದೇಶಕ್ಕೆ ಬೀರು, ಬೀಗದ ಕೈ ಎರಡೂ ಹೊರಡುವಂತಾಯಿತು.

ಎಲ್ಲ ಕೀಲಿಗಳೂ ಹೊರಟವೆಂದು ಮಾತ್ರ ತಿಳಿಯಬೇಡಿ. ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಮತ್ತು ಅದರ ಖಾಸಗಿ ಕೀಲಿಯನ್ನು ಪ್ರತ್ಯೇಕವಾಗಿ, ಪಿಎಫ್‌ಎಕ್ಸ್ ಕಡತವಾಗಿ ಒಯ್ಯಬೇಕು. ಇನ್ನೊಂದು 'ಮಷಿನ್ ಕೀ'. ಪುಟದ ಜೊತೆ ನಿಮ್ಮ ಬ್ರೌಸರ್‌ಗೆ ಬಂದು, ನೀವು ಗುಂಡಿ ಒತ್ತಿದಾಗ ಹಿಂದಿರುಗುವ ದತ್ತಾಂಶ ತನ್ನದೇ ಹೌದೇ ಎಂದು ಸರ್ವರ್ ಪರೀಕ್ಷಿಸುವುದು ಈ ಕೀಲಿಯಿಂದ. ಜೊತೆಗೂಡಿ ಕೆಲಸ ಮಾಡುವ ಸರ್ವರ್‌ಗಳಲ್ಲೆಲ್ಲ ಇದು ಒಂದೇ ಆಗಿರಬೇಕು. ಇಲ್ಲವಾದರೆ ಒಂದು ಸರ್ವರ್‌ನಲ್ಲಿ ಲಾಗಿನ್ ಆದ ನೀವು ಪಕ್ಕದ ಸರ್ವರ್‌ಗೆ ಅಪರಿಚಿತರು. ಆದ್ದರಿಂದ ಇದನ್ನು ಕಾನ್ಫಿಗರೇಶನ್ ಕಡತದಲ್ಲಿ ಬರೆದು ನಕಲು ಮಾಡುವುದು ರೂಢಿ.

ಹೊಸ ಕೀಲಿ ಸೃಷ್ಟಿಸುವ ಬದಲು ಅಂತರಜಾಲದಲ್ಲಿ ಕಂಡ ಮಾದರಿಯನ್ನೇ ಎತ್ತಿಕೊಂಡವರೂ ಉಂಟು. ಹೀಗೆ ಬಹಿರಂಗವಾಗಿದ್ದ 3000ಕ್ಕೂ ಹೆಚ್ಚು ಕೀಲಿಗಳನ್ನು ಗುರುತಿಸಿರುವುದಾಗಿ ಮೈಕ್ರೋಸಾಫ್ಟ್ 2025ರ ಫೆಬ್ರವರಿಯಲ್ಲಿ ತಿಳಿಸಿತು. ಅಂಥದೊಂದು ಕೀಲಿಯಿಂದ 2024ರ ಡಿಸೆಂಬರ್‌ನಲ್ಲೇ ದಾಳಿ ನಡೆದಿತ್ತು. 2025ರ ಜುಲೈನಲ್ಲಿ ಸಂಸ್ಥೆಗಳು ತಾವೇ ನಡೆಸುತ್ತಿದ್ದ ಶೇರ್‌ಪಾಯಿಂಟ್ ಸರ್ವರ್‌ಗಳಿಗೆ ನುಗ್ಗಿದವರು ಕದ್ದದ್ದೂ ಮಷಿನ್ ಕೀಯನ್ನೇ. ದೋಷ ಸರಿಪಡಿಸುವ ಪ್ಯಾಚ್ ಹಾಕಿದ ಮೇಲೂ ಕದ್ದ ಕೀಲಿ ಕೆಲಸ ಮಾಡುತ್ತಿತ್ತು. ಹೊಸ ಕೀಲಿ ಸೃಷ್ಟಿಸಿ, ಎಲ್ಲ ಸರ್ವರ್‌ಗಳಲ್ಲೂ ಐಐಎಸ್ ಅನ್ನು ಮರುಚಾಲನೆ ಮಾಡಿ ಎಂದು ಮೈಕ್ರೋಸಾಫ್ಟ್ ಹೇಳಬೇಕಾಯಿತು.