ಮದ್ದಿಗೆ ಮಣಿಯದ ಹುಳು

‘ಮದ್ದು’ ಎಂಬುದು ನಮ್ಮ ನುಡಿಯ ಹಳೆಯ ಮಾತುಗಳಲ್ಲೊಂದು. ರೋಗವನ್ನು ಕಳೆಯುವುದೂ ಮದ್ದೇ. ಹಗೆಯ ಅನ್ನದಲ್ಲಿ ಗುಟ್ಟಾಗಿ ಬೆರೆಸುವುದೂ ಮದ್ದೇ. ಕೋವಿಗೆ ತುಂಬುವುದೂ ಮದ್ದೇ. ಬೆಳೆಗೆ ಹೊಡೆಯುವ ವಿಷವನ್ನೂ ನಮ್ಮ ರೈತರು ಮದ್ದೆಂದೋ ಔಷಧಿಯೆಂದೋ ಕರೆಯುತ್ತಾರೆ. ಉತ್ತರದ ಜಿಲ್ಲೆಗಳಲ್ಲಿ ಅದು ‘ಎಣ್ಣೆ’. ಹೆಸರು ಯಾವುದಾದರೂ ಆಗಲಿ, ಅದು ನಾಟದೆ ಹೋದಾಗ ಎಲ್ಲರ ಬಾಯಲ್ಲಿಯೂ ಬರುವ ಮಾತು ಒಂದೇ: “ಹುಳಕ್ಕೆ ಮದ್ದು ಒಗ್ಗಿಹೋಗಿದೆ.” ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ತಿಳಿಯಬೇಕಾದರೆ ನೂರು ವರ್ಷಕ್ಕೂ ಮಿಕ್ಕ ಒಂದು ಚರಿತ್ರೆಯನ್ನು ತಿರುವಿ ನೋಡಬೇಕು.

ಅಮೆರಿಕದ ವಾಷಿಂಗ್ಟನ್ ರಾಜ್ಯ ಸೇಬಿನ ತೋಟಗಳಿಗೆ ಹೆಸರಾದ ಸೀಮೆ. ಅಲ್ಲಿನ ಮರಗಳಿಗೆ ಸ್ಯಾನ್ ಹೊಸೆ ಶಲ್ಕಕೀಟವೆಂಬ ಪೀಡೆ ತಗುಲಿತ್ತು. ಹಕ್ಕಳೆಯಂತೆ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಹುಳು ಇದು. ಸುಣ್ಣವನ್ನೂ ಗಂಧಕವನ್ನೂ ಕೂಡಿಸಿ ಕುದಿಸಿದ ದ್ರಾವಣವೇ ಅದಕ್ಕೆ ಮದ್ದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕೆಲವು ತೋಟಗಳಲ್ಲಿ ಈ ಮದ್ದು ಕೆಲಸ ಮಾಡದಾಯಿತು. ಇಂಥ ಸಂದರ್ಭದಲ್ಲಿ ಮದ್ದು ಕಲಬೆರಕೆಯೆನ್ನುವುದು, ಸಿಂಪಡಿಸಿದವನು ಮೈಗಳ್ಳನೆನ್ನುವುದು ಲೋಕರೂಢಿ. ಎ. ಎಲ್. ಮೆಲಾಂಡರ್ ಎಂಬ ಕೀಟಶಾಸ್ತ್ರಜ್ಞರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಬೇರೆ ಬೇರೆ ಊರಿನ ತೋಟಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಒಂದು ಕಡೆ ಹುಳುಗಳು ಸತ್ತವು. ಇನ್ನೊಂದು ಕಡೆ ಅದೇ ಮದ್ದಿಗೆ ಬಹಳಷ್ಟು ಬದುಕಿಯೇ ಉಳಿದವು. ಸಿಂಪಡಿಸುವ ವಿಷವನ್ನು ಕೀಟಗಳು ಎದುರಿಸಿ ನಿಲ್ಲಬಲ್ಲವೆ ಎಂಬ ಪ್ರಶ್ನೆಯನ್ನೇ ತಲೆಬರಹವಾಗಿಟ್ಟು ೧೯೧೪ರಲ್ಲಿ ಅವರು ಲೇಖನವೊಂದನ್ನು ಪ್ರಕಟಿಸಿದರು. ಈ ಚರಿತ್ರೆಯ ಮೊದಲ ಪುಟ ಅದೇ.

ಹುಳು ಹೇಗೆ ಎದುರಿಸಿ ನಿಲ್ಲುತ್ತದೆ? ನಮ್ಮ ಮಕ್ಕಳು ಮಗ್ಗಿಯನ್ನು ಕಲಿಯುವಂತೆ ಅದು ವಿಷವನ್ನು ಅರಗಿಸಿಕೊಳ್ಳಲು ಕಲಿಯುವುದಿಲ್ಲ. ಲಕ್ಷಗಟ್ಟಲೆ ಹುಳುಗಳ ನಡುವೆ ಎಲ್ಲಿಯೋ ಒಂದೆರಡು ಹುಟ್ಟಿನಿಂದಲೇ ಬೇರೆಯಾಗಿರುತ್ತವೆ. ಒಂದರ ಒಡಲಲ್ಲಿ ವಿಷವನ್ನು ಒಡೆದುಹಾಕುವ ಕಿಣ್ವ ಹೆಚ್ಚು. ಇನ್ನೊಂದರ ಹೊರಚರ್ಮ ವಿಷವನ್ನು ಬೇಗನೆ ಒಳಕ್ಕೆ ಬಿಡದು. ಮತ್ತೊಂದರ ನರದಲ್ಲಿ ವಿಷ ತಗುಲಬೇಕಾದ ಜಾಗವೇ ತುಸು ಮಾರ್ಪಟ್ಟಿರುತ್ತದೆ. ಮದ್ದು ಹೊಡೆದಾಗ ಉಳಿದವೆಲ್ಲ ಸತ್ತು ಇವು ಬದುಕುತ್ತವೆ. ಮುಂದಿನ ಸಂತತಿ ಇವುಗಳದೇ. ನಮ್ಮ ಪುರಾಣದ ರಕ್ತಬೀಜಾಸುರನ ಕಥೆ ನೆನಪಾಗುವುದು ಸಹಜ. ಆದರೆ ಅಲ್ಲಿ ನೆಲಕ್ಕೆ ಬಿದ್ದ ಹನಿಹನಿಯೂ ಅಸುರನಾಯಿತು. ಇಲ್ಲಿ ಸಾಯದೆ ಉಳಿದವು ಮಾತ್ರ ಬೀಜವಾಗುತ್ತವೆ. ಮದ್ದು ಹುಳುವಿಗೆ ಪಾಠ ಹೇಳುವುದಿಲ್ಲ, ಜರಡಿ ಹಿಡಿಯುತ್ತದೆ. ‘ಒಗ್ಗಿಹೋಯಿತು’ ಎಂಬ ಮಾತಿನಲ್ಲಿ ಬಿಟ್ಟುಹೋದ ಅರ್ಧ ಇದು. ಎಷ್ಟು ಹೆಚ್ಚು ಸಲ ಜರಡಿ ಹಿಡಿದರೆ ಅಷ್ಟು ಬೇಗ ಗಟ್ಟಿ ಹುಳುವೇ ಉಳಿಯುತ್ತದೆ.

ಮೆಲಾಂಡರ್ ಎತ್ತಿದ ಪ್ರಶ್ನೆಯನ್ನು ಲೋಕ ಬಹುಕಾಲ ಮರೆತಿತ್ತು. ಅಷ್ಟರಲ್ಲಿ ಡಿ.ಡಿ.ಟಿ. ಬಂದಿತು. ೧೮೭೪ರಲ್ಲಿಯೇ ತಯಾರಾಗಿದ್ದ ಈ ರಾಸಾಯನಿಕಕ್ಕೆ ಕೀಟಗಳನ್ನು ಕೊಲ್ಲುವ ಗುಣವಿದೆಯೆಂದು ೧೯೩೯ರಲ್ಲಿ ಕಂಡುಹಿಡಿದವರು ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್. ೧೯೪೮ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆ ಗೌರವ ಸಲ್ಲುವುದಕ್ಕೆ ಮೊದಲೇ ಯೂರೋಪಿನಲ್ಲಿ ಮನೆನೊಣಗಳು ಡಿ.ಡಿ.ಟಿ.ಗೆ ಸೊಪ್ಪುಹಾಕದೆ ಹಾರಾಡತೊಡಗಿದ್ದವು. ಬೆಳೆಯ ಹುಳುಗಳ ಸರದಿ ಬರಲೂ ತಡವಾಗಲಿಲ್ಲ. ೧೯೫೦ರ ದಶಕದ ಮೊದಲಲ್ಲಿಯೇ ಜಾವಾ ದ್ವೀಪದಿಂದ ಎಲೆಕೋಸಿನ ಹುಳುವೊಂದರ ಬಗೆಗೆ ಇದೇ ಸುದ್ದಿ ಬಂದಿತು.

ಇದರಿಂದ ಒಂದು ನಾಡಿಗೆ ನಾಡೇ ಹೇಗೆ ಕಂಗೆಡಬಹುದೆಂಬುದನ್ನು ಪೆರು ದೇಶದ ಕನ್ಯೆಟೆ ಕಣಿವೆ ತೋರಿಸಿಕೊಟ್ಟಿತು. ಮರುಭೂಮಿಯ ನಡುವೆ ಹೊಳೆಯ ನೀರಿನಿಂದ ಹತ್ತಿ ಬೆಳೆಯುವ ಕಣಿವೆ ಅದು. ೧೯೪೯ರ ಸುಮಾರಿಗೆ ಹೊಸ ವಿಷಗಳು ಅಲ್ಲಿಗೆ ಬಂದವು. ವಿಮಾನಗಳಿಂದ ಸಿಂಪಡಿಸಲು ಅಡ್ಡಿಯೆಂದು ಮರಗಳನ್ನು ಕಡಿದರು. ಹೆಕ್ಟೇರಿಗೆ ಸುಮಾರು ೫೦೦ ಕಿಲೋಗ್ರಾಮಿನಷ್ಟಿದ್ದ ಹತ್ತಿಯ ಇಳುವರಿ ೧೯೫೪ರ ವೇಳೆಗೆ ೭೨೮ಕ್ಕೆ ಏರಿತು. ಆದರೆ ಒಳಗೊಳಗೇ ಬೇರು ಕಳಚುತ್ತಿತ್ತು. ೧೯೫೨ರಲ್ಲಿ ಒಂದು ವಿಷಕ್ಕೆ ಹೇನುಗಳು ಜಗ್ಗಲಿಲ್ಲ. ೧೯೫೪ರಲ್ಲಿ ಇನ್ನೊಂದು ವಿಷಕ್ಕೆ ಎಲೆತಿನ್ನುವ ಹುಳು ಜಗ್ಗಲಿಲ್ಲ. ಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುತ್ತಿದ್ದ ಕೀಟಗಳು ವಿಷಕ್ಕೆ ಬಲಿಯಾಗಿದ್ದವು. ಮೊದಲು ಪೀಡೆಯೆನಿಸದಿದ್ದ ಹುಳುಗಳೂ ಪೀಡೆಯಾದವು. ಮೂರು ದಿನಕ್ಕೊಮ್ಮೆ ಸಿಂಪಡಿಸಿದರೂ ೧೯೫೬ರಲ್ಲಿ ಇಳುವರಿ ೩೩೨ ಕಿಲೋಗ್ರಾಮಿಗೆ ಕುಸಿಯಿತು. ಆಗ ಬೆಳೆಗಾರರು ಒಟ್ಟುಗೂಡಿ ಕಟ್ಟುಪಾಡು ಮಾಡಿಕೊಂಡರು: ಹೊಸ ವಿಷಗಳಿಗೆ ತಡೆ, ಬಿತ್ತನೆಗೆ ಗೊತ್ತಾದ ಕಾಲ, ಹತ್ತಿಯಿಲ್ಲದ ಒಂದು ಅವಧಿ, ಹೊರಗಿನಿಂದ ಉಪಕಾರಿ ಕೀಟಗಳ ಆಮದು. ಕೆಲವೇ ವರ್ಷಗಳಲ್ಲಿ ಕಣಿವೆ ಚೇತರಿಸಿಕೊಂಡಿತು.

ನಮ್ಮ ದೇಶದಲ್ಲಿ ಬೆಳೆಯ ಕೀಟವೊಂದು ವಿಷವನ್ನು ಗೆದ್ದ ಮೊದಲ ವರದಿ ೧೯೬೩ರದು. ಸಂಸ್ಕೃತದಲ್ಲಿ ಶೃಂಗಾಟಕವೆನಿಸಿ ಉತ್ತರ ಭಾರತದ ಕೆರೆಗಳಲ್ಲಿ ಬೆಳೆಯುವ ಸಿಂಗಾಡದ ದುಂಬಿ ಡಿ.ಡಿ.ಟಿ.ಗೂ ಬಿ.ಎಚ್.ಸಿ.ಗೂ ಬಗ್ಗಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಕಡಿಮೆ. ೧೯೮೦ರ ದಶಕದ ಆರಂಭದಲ್ಲಿ ಪೈರೆಥ್ರಾಯಿಡ್ ಎಂಬ ಹೊಸ ವಿಷಗಳು ಹತ್ತಿಯ ಹೊಲಕ್ಕೆ ಬಂದವು. ಮೊದಮೊದಲು ಫಲ ಸೊಗಸಾಗಿಯೇ ಇತ್ತು. ೧೯೮೭ರಲ್ಲಿ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಹಸಿರು ಕಾಯಿಕೊರಕ ಅವುಗಳನ್ನೂ ಮೀರಿ ನಿಂತಿತು. ಹತ್ತಿ, ತೊಗರಿ, ಕಡಲೆ, ಟೊಮ್ಯಾಟೊ ಎಲ್ಲವೂ ಈ ಹುಳುವಿಗೆ ಊಟವೇ. ೧೯೯೭-೯೮ರಲ್ಲಿ ವರಂಗಲ್ಲಿನ ಹತ್ತಿಯೂ ನಮ್ಮ ಕಲಬುರ್ಗಿ ಸೀಮೆಯ ತೊಗರಿಯೂ ಅಕಾಲದ ಮಳೆಗೆ ಹಾಗೂ ಹುಳುವಿಗೆ ಸಿಕ್ಕಿ ಹಾಳಾದವು. ಸಾಲ ತಂದು ಮತ್ತೆ ಮತ್ತೆ ಮದ್ದು ಹೊಡೆದ ರೈತನಿಗೆ ಹುಳು ಸಾಯಲಿಲ್ಲ, ಸಾಲ ತೀರಲಿಲ್ಲ. ಹುಳುವಿಗೆಂದು ತಂದ ವಿಷವನ್ನು ತಾವೇ ಕುಡಿದವರ ಸುದ್ದಿ ಆ ವರ್ಷ ಪತ್ರಿಕೆಗಳಲ್ಲಿ ಬಂದಿತು. ಈ ಚರಿತ್ರೆಯಲ್ಲಿ ಅದಕ್ಕಿಂತ ಕಪ್ಪಾದ ಪುಟ ಬೇರೆಯಿಲ್ಲ.

೨೦೦೨ರಲ್ಲಿ ವಿಷವನ್ನು ಗಿಡದೊಳಗೇ ಹೊತ್ತ ಬಿ.ಟಿ. ಹತ್ತಿಗೆ ಸರ್ಕಾರದ ಒಪ್ಪಿಗೆ ದೊರೆಯಿತು. ಹಸಿರು ಕಾಯಿಕೊರಕದ ಕಾಟ ತಗ್ಗಿದ್ದು ನಿಜ. ಹೊಲದ ಅಂಚಿನಲ್ಲಿ ಸಾದಾ ಹತ್ತಿಯ ಸಾಲುಗಳನ್ನೂ ಬೆಳೆಸಬೇಕೆಂಬ ನಿಯಮ ಅದರ ಜೊತೆಗೇ ಬಂದಿತ್ತು. ಮೆತ್ತಗಿನ ಹುಳುಗಳು ಅಲ್ಲಿ ಬದುಕಿ ಗಟ್ಟಿ ಹುಳುಗಳೊಡನೆ ಕೂಡಲಿ, ಗಟ್ಟಿತನ ತೆಳುವಾಗಲಿ ಎಂಬುದೇ ಅದರ ಮರ್ಮ. ಹುಳುವಿಗೆ ಜಾಗ ಬಿಡುವುದು ಮೂರ್ಖತನವೆಂದು ಬಹುಮಂದಿ ಅದನ್ನು ಪಾಲಿಸಲಿಲ್ಲ. ೨೦೧೦ರಲ್ಲಿ ಗುಜರಾತಿನಿಂದ ಸುದ್ದಿ ಬಂದಿತು: ಗುಲಾಬಿ ಕಾಯಿಕೊರಕ ಈ ಹತ್ತಿಯನ್ನೂ ತಿಂದು ಬದುಕುತ್ತಿದೆ.

ಇಂದು ಯಾವುದಾದರೊಂದು ವಿಷವನ್ನು ಗೆದ್ದ ಕೀಟಜಾತಿಗಳ ಸಂಖ್ಯೆ ೫೦೦ನ್ನು ಮೀರಿದೆ. ಹಾಗೆಂದು ರೈತ ಕೈಕಟ್ಟಿ ಕೂರಬೇಕಾಗಿಲ್ಲ. ಒಂದೇ ವಿಷವನ್ನು ಮತ್ತೆ ಮತ್ತೆ ಬಳಸದಿರುವುದು, ಹುಳು ಹಾನಿಯ ಮಟ್ಟ ಮುಟ್ಟುವ ಮೊದಲೇ ಸಿಂಪಡಿಸದಿರುವುದು, ಬೆಳೆಯನ್ನು ಬದಲಿಸುವುದು, ಉಪಕಾರಿ ಕೀಟಗಳನ್ನು ಉಳಿಸಿಕೊಳ್ಳುವುದು—ಇವೆಲ್ಲ ಬಲ್ಲವರು ಹೇಳುತ್ತ ಬಂದ ದಾರಿಗಳೇ. ಕಲಬುರ್ಗಿ ಸೀಮೆಯ ರೈತರಲ್ಲಿ ವಿಷ ಬರುವುದಕ್ಕೂ ಹಿಂದಿನಿಂದ ಒಂದು ಪದ್ಧತಿಯಿತ್ತು: ಕೆಳಗೆ ಹಾಸು ಹಾಸಿ ತೊಗರಿಯ ಗಿಡವನ್ನು ಅಲುಗಿಸುವುದು, ಬಿದ್ದ ಹುಳುಗಳನ್ನು ಒಟ್ಟುಮಾಡಿ ಕೊಲ್ಲುವುದು. ವಿಷ ಸೋತ ವರ್ಷಗಳಲ್ಲಿ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ ಒಳ್ಳೆಯದೆಂದು ಸಾರಿದರು. ಅದಕ್ಕೆ ಬೇಕಾದುದು ಮೈದುಡಿಮೆ, ಸಾಲವಲ್ಲ.

ಪಟ್ಟಣದಲ್ಲಿ ಕುಳಿತು ತೊಗರಿಬೇಳೆಯ ಸಾರನ್ನು ಉಣ್ಣುವ ನಮಗೂ ಈ ಚರಿತ್ರೆಯಲ್ಲಿ ಪಾಲುಂಟು. ಒಂದು ಚುಕ್ಕೆಯೂ ಇಲ್ಲದ ಎಲೆಕೋಸನ್ನೇ, ಒಂದು ತೂತೂ ಇಲ್ಲದ ಬದನೆಕಾಯಿಯನ್ನೇ ಆರಿಸುವ ನಮ್ಮ ಕೈ, ಹೊಲದಲ್ಲಿ ಇನ್ನೊಂದು ಸುತ್ತು ಮದ್ದು ಹೊಡೆಯುವ ಕೈಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಹುಳುವಿನ ಕುಲವನ್ನೇ ಅಳಿಸುತ್ತೇವೆಂದು ಹೊರಟಾಗಲೆಲ್ಲ ಗೆದ್ದುದು ಹುಳುವೇ. ಅದಕ್ಕೂ ಒಂದಿಷ್ಟು ಬಿಟ್ಟು ಉಣ್ಣಲು ಒಪ್ಪಿದ ಕಡೆ ಬೆಳೆ ಉಳಿದಿದೆ, ರೈತನೂ ಉಳಿದಿದ್ದಾನೆ.